ಭಾವ ಕೊಡಿಸಿದ ಆನೆ

ನಮ್ಮ ಭಾವನ ಜೇಬಿಗೆ ಕೈ ಹಾಕಿದ ಕಳ್ಳ, ಅಯ್ಯೋ ಪಾಪ ಎನ್ನಿಸಿ ತಾನೇ ಏನಾದರೂ ಇಟ್ಟು ಹೋಗುತ್ತಾನೆ! ಹೀಗೆಂದು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಈ ಕತೆಯಲ್ಲಿ ದಡ್ಡನೂ ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನೀವಾಗಿಯೇ ಕಂಡುಹಿಡಿದರೆ ಅವಮಾನ ಜಾಸ್ತಿ.

ನನಗಿರುವುದು ಒಂದೇ ವಿದ್ಯೆ, ಕಂಡವರನ್ನೆಲ್ಲ ಅನುಕರಿಸುವುದು. ಬೇಲೂರು ಬಸ್‌ಸ್ಟ್ಯಾಂಡಿನ ಕಂಡಕ್ಟರು, ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ತಡವೆಂದು ವಿಷಾದಿಸುವ ಹೆಣ್ಣುದನಿ, ಮ್ಯಾನೇಜರ್ ಎದುರು ಇಂಗ್ಲಿಷ್ ಮಾತಾಡುವ ನಾನು, ಎಲ್ಲರೂ ನನ್ನ ಗಂಟಲಿನಲ್ಲಿದ್ದಾರೆ. (ಕೊನೆಯದಕ್ಕೆ ಜನ ಹೆಚ್ಚು ನಗುತ್ತಾರೆ.) ಆದರೆ ಭಾವನಂಥ ಸರಕು ಮತ್ತೊಂದಿಲ್ಲ.

ಭಾವ ಅಂದರೆ ಅಕ್ಕನ ಗಂಡ, ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ವಾರವೆಲ್ಲ ಮಂಡಿಯ ಸ್ವತ್ತು, ಭಾನುವಾರ ಮಾತ್ರ ಮಕ್ಕಳ ಸ್ವತ್ತು. ಮಗಳು ನಾಲ್ಕನೇ ಕ್ಲಾಸು, ಮಗ ಇನ್ನೂ ಅಂಗನವಾಡಿ. ಆ ಒಂದು ದಿನ ದುಡ್ಡು ಬಿಚ್ಚದೆ ಇಬ್ಬರನ್ನೂ ರಾಜರ ಹಾಗೆ ಮೆರೆಸಬೇಕೆಂಬುದು ಅವರ ಹಟ.

ಬೆಳಿಗ್ಗೆಯೇ ಊರಾಚೆಯ ರೈಲ್ವೆ ಗೇಟಿನ ಪಕ್ಕದ ದಿಬ್ಬದ ಮೇಲೆ ಮೂವರೂ ಹಾಜರು. ಹೋಗುವ ರೈಲಿಗೆಲ್ಲ ಟಾಟಾ. ಕಿಟಕಿಯಿಂದ ಯಾರಾದರೂ ತಿರುಗಿ ಕೈಬೀಸಿದರೋ, ಅವರು ನಮ್ಮ ನೆಂಟರು! ಅವರದು ಯಾವೂರು, ಯಾರ ಮದುವೆಗೆ ಹೊರಟಿದ್ದಾರೆ, ಡಬ್ಬಿಯಲ್ಲಿರುವುದು ಚಿತ್ರಾನ್ನವೋ ಮೊಸರನ್ನವೋ, ಮುಂದಿನ ರೈಲು ಬರುವವರೆಗೆ ಮಕ್ಕಳು ಕತೆ ಕಟ್ಟಬೇಕು. ಒಮ್ಮೆ ನಾನೂ ಹೋಗಿದ್ದೆ. ಬಾಣಾವರದ ಕಡೆ ಹೊರಟಿದ್ದ ರೈಲಿನಿಂದ ಯಾವನೋ ಪುಣ್ಯಾತ್ಮ ಬಾಳೆಹಣ್ಣಿನ ಸಿಪ್ಪೆ ಎಸೆದ. ಅದು ಸೀದಾ ನನ್ನ ಹೆಗಲಿಗೇ ಬಂತು.

"ನೋಡ್ರಪ್ಪಾ, ನೆಂಟ್ರು ಮಾಮಂಗೆ ಉಡುಗೊರೆ ಕಳ್ಸವ್ರೆ!" ಎಂದರು ಭಾವ.

"ಹಣ್ಣೆಲ್ಲಿ ಭಾವ?"

"ಅದು ಹತ್ತಿರದ ನೆಂಟ್ರಿಗೆ ಕಣೋ."

ಸಂಜೆಯಾದರೆ ಮನೆಯೇ ಹೋಟೆಲು. ಮಕ್ಕಳು ಗಿರಾಕಿಗಳು, ಭಾವ ಹೆಗಲ ಮೇಲೆ ಟವೆಲ್ ಹಾಕಿದ ಸರ್ವರ್. ಇಡ್ಲಿ, ವಡೆ, ಪೂರಿ, ದೋಸೆ ಎಂದು ಒಂದೇ ಉಸಿರಿನಲ್ಲಿ ಒದರುತ್ತಾರೆ. ಒಮ್ಮೆ ಮಗ ಮಸಾಲೆ ದೋಸೆ ಹೇಳಿದ. ಒಳಗಿನಿಂದ ಬಂದದ್ದು ಉಪ್ಪಿಟ್ಟು. "ಇವತ್ತು ದೋಸೆ ಉಪ್ಪಿಟ್ಟಿನ ವೇಷದಾಗೆ ಬಂದೈತೆ ಸಾರ್, ಗುರುತು ಹಿಡೀರಿ!" ಅಡುಗೆಮನೆಯಿಂದ ಅಕ್ಕ ಕೂಗಿದಳು: "ರೀ ಸರ್ವರ್, ನಮ್ಮ ಹೋಟ್ಲಲ್ಲಿ ತಟ್ಟೆ ತೊಳೆಯೋದೂ ಸರ್ವರೇ!"

ಇನ್ನು ಹಳೇಬೀಡು ಪ್ರವಾಸ. ಅಕ್ಕನಿಗೂ ಮಗಳಿಗೂ ಬಸ್ಸು ಪುಕ್ಕಟೆ, ಮಗನಿಗೆ ಟಿಕೆಟ್ಟಿನ ವಯಸ್ಸಾಗಿಲ್ಲ. ಇಡೀ ಸಂಸಾರಕ್ಕೆ ಒಂದೇ ಟಿಕೆಟ್ಟು! ಅದನ್ನು ಕೊಳ್ಳುವಾಗ ಭಾವನ ಮುಖ ನೋಡಬೇಕು, ಹಲ್ಲು ಕೀಳಿಸಿಕೊಳ್ಳುವವರ ಹಾಗೆ. ಅಲ್ಲಿ ದೇವಸ್ಥಾನದ ಗೋಡೆಯ ಕೆಳಸಾಲಿನ ಉದ್ದಕ್ಕೂ ಕಲ್ಲಿನ ಆನೆಗಳಿವೆಯಲ್ಲ? ಮಕ್ಕಳು ನಡೆಯಲು ಕಲಿತ ವರ್ಷ ಭಾವ ಒಬ್ಬೊಬ್ಬರಿಗೆ ಒಂದೊಂದು ಆನೆ 'ಕೊಡಿಸಿದ್ದಾರೆ'. ಮೇವು ಬೇಡ, ಮಾವುತ ಬೇಡ! ಮಗಳು ಆರಿಸಿಕೊಂಡದ್ದು ಸೊಂಡಿಲ ತುದಿ ಮುಕ್ಕಾದ ಒಂದು ಆನೆಯನ್ನು. ಹೋದಾಗಲೆಲ್ಲ ಅದರೆದುರು ಕುಕ್ಕರಗಾಲಿನಲ್ಲಿ ಕೂತು, ಹಲ್ಲು ಬಿದ್ದದ್ದು, ಸೈಕಲ್ ಕಲಿತದ್ದು, ಎಲ್ಲ ಸಮಾಚಾರ ಒಪ್ಪಿಸಬೇಕು. ಮುಟ್ಟುವ ಹಾಗಿಲ್ಲ, ಮಾತು ಮಾತ್ರ.

ಇಂಥದ್ದು ಸಿಕ್ಕರೆ ನಾನು ಬಿಟ್ಟೇನೆ? ಬೇಲೂರಿನಲ್ಲಿ ನೆಂಟರ ಗೃಹಪ್ರವೇಶ. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ "ಯಾರ್ದಾದ್ರೂ ದನಿ ಮಾಡೋ" ಎಂದರು ನೆಂಟರು. ಮಾಡಿದೆ. ಜೇಬು ತಡಕಿಕೊಂಡು, ಭಾವನ ಮೂಗುದನಿಯಲ್ಲಿ, "ಚಾಕ್ಲೇಟು ಬ್ಯಾಡ ಕಣವ್ವ, ಹಲ್ಲು ಹುಳುಕಾಯ್ತದೆ. ತಗೋ, ಆನೆ!" ಜನ ಬಿದ್ದು ಬಿದ್ದು ನಕ್ಕರು. ಭಾವನೂ ನಕ್ಕರು. ಮಗಳೂ ನಗುತ್ತಿದ್ದಳು, ಪಕ್ಕದಲ್ಲಿದ್ದ ಹುಡುಗಿ "ನಿಮ್ಮಪ್ಪ ಅಷ್ಟೊಂದು ಜಿಪುಣ್ರಾ?" ಎಂದು ಕೇಳುವವರೆಗೆ.

ಮುಂದಿನ ಭಾನುವಾರ ಅವಳಿಗೆ ಹೋಂವರ್ಕ್ ಇತ್ತು. ಅದರ ಮುಂದಿನ ವಾರ ಹೊಟ್ಟೆನೋವು. ಆಮೇಲೆ ಭಾವ ಅವಳನ್ನು ಕರೆಯುವುದನ್ನೇ ಬಿಟ್ಟರು. ಹೋಟೆಲೂ ಬಾಗಿಲು ಹಾಕಿತು.

ಅಕ್ಕ ಫೋನ್ ಮಾಡಿದಳು. "ನೀನು ನಗ್ಸಿ ಹೋದೆ ಕಣೋ. ಭಾನುವಾರ ಬಂದ್ರೆ ಇವ್ರು ಸ್ಕೂಟರ್ ಒರೆಸ್ತಾ ಕೂತ್ಕೋತಾರೆ. ಒರೆಸಿದ್ದನ್ನೇ ಒರೆಸ್ತಾರೆ."

ತಪ್ಪು ತಿದ್ದಿಕೊಳ್ಳಬೇಕಲ್ಲ! ಕೈತುಂಬ ಸಂಬಳದವನು ನಾನು, ಇಬ್ಬರನ್ನೂ ಹಾಸನಕ್ಕೆ ಕರೆದೊಯ್ದೆ. ದೀಪ ಮಿನುಗಿಸಿ ಕಿರುಚುವ ಆಟದ ಮೆಷಿನ್ನುಗಳು, ಆಮೇಲೆ ಐಸ್‌ಕ್ರೀಮು. ನಾನು ಒಂದು ಮೂಲೆಯಲ್ಲಿ ಕೂತು ಮೊಬೈಲ್ ಉಜ್ಜುತ್ತಿದ್ದೆ. ಮಗ ಬಂದು ಅಂಗಿ ಜಗ್ಗಿದ. "ಮಾಮ, ನೀನು ಯಾವಾಗ ಆಡೋದು?" ಇನ್ನೊಂದು ಟೋಕನ್ ಕೊಂಡು ಅವನ ಕೈಗಿಟ್ಟೆ. ಮಗಳು ವಾಪಸ್ ಬರುವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತಿದ್ದಳು. ಎಲ್ಲೋ ಒಂದು ರೈಲು ಹೋಯಿತು. ಅವಳ ಕೈ ಅರ್ಧ ಎದ್ದು, ಹಾಗೇ ಮಡಿಲಿಗೆ ಇಳಿಯಿತು.

ಆ ಅರ್ಧ ಎದ್ದ ಕೈ ನನ್ನನ್ನು ವಾರವಿಡೀ ಕಾಡಿತು. ಮರುಭಾನುವಾರ ಬಲವಂತ ಮಾಡಿ ಎಲ್ಲರನ್ನೂ ಹಳೇಬೀಡಿನ ಬಸ್ಸು ಹತ್ತಿಸಿದೆ. ಮಗಳು ನನ್ನ ಕೈ ಹಿಡಿದುಕೊಂಡಳು, ಅಪ್ಪನದಲ್ಲ. ಭಾವ ಆನೆಯ ಮಾತೇ ಎತ್ತಲಿಲ್ಲ. ಆ ಗೋಡೆಗೆ ಕೆಳಸಾಲೇ ಇಲ್ಲವೇನೋ ಎಂಬಂತೆ ಕತ್ತೆತ್ತಿ ಮೇಲಿನ ಶಿಲ್ಪಗಳನ್ನು ನೋಡುತ್ತ ನಡೆದರು.

ಫೋಟೋ ತೆಗೆಸಿಕೊಳ್ಳುತ್ತಿದ್ದ ಯಾರೋ ಪ್ರವಾಸಿ ತಮ್ಮ ಬ್ಯಾಗನ್ನು ಗೋಡೆಗೆ ಒರಗಿಸಿದರು, ಸರಿಯಾಗಿ ಆ ಮುಕ್ಕು ಸೊಂಡಿಲಿನ ಮೇಲೆ. ನನ್ನ ಕೈಯಲ್ಲಿದ್ದ ಪುಟ್ಟ ಕೈ ಕಿತ್ತುಕೊಂಡು ಓಡಿತು.

"ಅಂಕಲ್, ಬ್ಯಾಗ್ ತೆಗೀರಿ! ಅದು ನನ್ನ ಆನೆ."

"ನಿಂದಾ? ಯಾರಮ್ಮಾ ಕೊಟ್ಟಿದ್ದು?"

"ನಮ್ಮಪ್ಪ ಕೊಡ್ಸಿದ್ದು." ಆವರಣಕ್ಕೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.

ಅವರು ನಗುತ್ತ ಬ್ಯಾಗ್ ತೆಗೆದರು. ಅವಳು ಕುಕ್ಕರಗಾಲಿನಲ್ಲಿ ಕೂತು ಆನೆಗೆ ಪಿಸುಗುಟ್ಟತೊಡಗಿದಳು. ಹೇಳುವುದು ಬಹಳ ಬಾಕಿ ಇತ್ತೆಂದು ಕಾಣುತ್ತದೆ, ಮುಗಿಯಲೇ ಇಲ್ಲ. ಭಾವ ಇನ್ನೂ ಕತ್ತೆತ್ತಿಕೊಂಡೇ ನಿಂತಿದ್ದರು. ಕಣ್ಣು ಒರೆಸಿಕೊಂಡರು. ಬಿಸಿಲು ಆ ಕಡೆಗಿರಲಿಲ್ಲ.

ಇಂಥ ಹೊತ್ತಿಗೆ ನನಗೆ ಗೊತ್ತಿರುವುದು ಒಂದೇ ಔಷಧಿ. ಅವಳ ಪಕ್ಕ ಕೂತು, ಭಾವನ ಮೂಗುದನಿ ತೆಗೆದು, "ಆನೆಗೆ ಏನ್ ಹೇಳ್ದೆ ಕಣವ್ವ?" ಎಂದೆ.

ಅವಳು ನಗಲಿಲ್ಲ. ತಿರುಗಿ ನನ್ನನ್ನೇ ದಿಟ್ಟಿಸಿದಳು.

"ಮಾಮ, ಅಪ್ಪನ ಥರ ಮಾತಾಡೋಕೆ ನಿಂಗೆ ಬತ್ತದೆ. ಅಪ್ಪನ ಥರ ಒಂದ್ ಆನೆ ಕೊಡ್ಸು, ನೋಡಾಣ."