ಅರವತ್ತೈದು ಕಿಲೋದ ಸರಾಸರಿ

ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಲೆಕ್ಕ ಮಾಡಿದ್ದೇ ಪದ್ಮಯ್ಯ ಮಾಸ್ಟ್ರ ಆ ಭಾನುವಾರವನ್ನು ಹಾಳು ಮಾಡಿತು.

ಬೆಳಿಗ್ಗೆ ಆರೂವರೆಗೆ ಕಲ್ಲುಗುಂಡಿಯ ಹಗ್ಗಜಗ್ಗಾಟ ತಂಡದ ನಾಯಕ ಕಿಟ್ಟಣ್ಣ ಫೋನು ಮಾಡಿದ. ಎಂಭತ್ತೆಂಟು ಕಿಲೋದ ಆಸಾಮಿ. ಅವನು ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ಪಕ್ಕದ ಮನೆಯ ನಾಯಿ ಏಳುತ್ತದೆ.

“ಮಾಸ್ಟ್ರೆ, ಇವತ್ತು ಇಚಿಲಂಪಾಡಿಯಲ್ಲಿ ಪಂದ್ಯ ಉಂಟಲ್ಲ, ನಮ್ಮ ಮೂರು ಜನ ಮದುವೆಗೆ ಅಂತ ಕೈ ಕೊಟ್ರು. ಇರುದು ಐದೇ ಜನ. ಕೊಯಿಲದ ಹಕೀಮನ ಹತ್ರ ಮೂರು ಜನ ಇದ್ದಾರಂತೆ. ಎರಡು ತಂಡ ಸೇರಿಸಬಹುದು ಅಂತ ಕಮಿಟಿಯವರು ಹೇಳಿದ್ರು. ಆದ್ರೆ ಎಂಟು ಜನರ ಸರಾಸರಿ ತೂಕ ಅರವತ್ತೈದು ಕಿಲೋ ದಾಟ್ಲಿಕ್ಕಿಲ್ಲ. ನಮ್ಮದು ಸರಾಸರಿ ಎಪ್ಪತ್ತು, ಅವರದ್ದು ಅರವತ್ತು. ಆಗ್ತದಾ?”

ಮಾಸ್ಟ್ರು ಇಪ್ಪತ್ತನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಒಂದು ಸೊನ್ನೆ ಸರಿಯಾಗಿ ದುಂಡಗಾಗದಿದ್ದರೂ ಅರ್ಧ ಅಂಕ ಕತ್ತರಿಸುವವರು. ಬಾಯಿ ತುಂಬ ನೊರೆ ಇದ್ದುದರಿಂದ ಉಗುಳುವ ಮೊದಲೇ ಮನಸ್ಸಿನಲ್ಲಿ ಕೂಡಿಸಿ, ಎರಡರಿಂದ ಭಾಗಿಸಿ, “ಸಯಿ, ಅಯವತ್ತೈದು! ಹೊಯಡಿ!” ಎಂದರು.

“ನೀವೂ ಬನ್ನಿ. ಲೆಕ್ಕ ಗೊತ್ತಿರುವವರು ಒಬ್ಬರು ಜೊತೆಗಿದ್ದರೆ ಧೈರ್ಯ,” ಎಂದ ಕಿಟ್ಟಣ್ಣ. ಮಾಸ್ಟ್ರು ಉಬ್ಬಿದರು. ಹೆಂಡತಿ ಲೋಲಾಕ್ಷಿ ತೆಂಗಿನಕಾಯಿ ಸುಲಿದುಕೊಡಿ ಎಂದದ್ದು ಕೇಳಿಸದವರಂತೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಜೀಪು ಹತ್ತಿದರು.

ಹತ್ತು ಗಂಟೆಗೆ ಕೊಯಿಲದಲ್ಲಿ ಹಕೀಮನ ಅಂಗಡಿಯ ಮುಂದೆ ಎರಡೂ ತಂಡ ಸೇರಿತು. ಹಕೀಮನದು ಅಡಿಕೆ ಖರೀದಿಯ ಅಂಗಡಿ. ಅವನಿಗೆ ಸರಾಸರಿ ಗಿರಾಸರಿ ಗೊತ್ತಿಲ್ಲ, ಗೊತ್ತಿರುವುದು ಒಟ್ಟು ತೂಕ ಮಾತ್ರ. ಎಂಟು ಜನರನ್ನೂ ಅಡಿಕೆ ಮೂಟೆಯ ಹಾಗೆ ಒಬ್ಬೊಬ್ಬರಾಗಿ ತಕ್ಕಡಿಗೆ ಹತ್ತಿಸಿ ಇಳಿಸಿ, ಕಿವಿಯ ಮೇಲಿನ ಪೆನ್ಸಿಲು ತೆಗೆದು ಗೋಣಿಯ ಮೇಲೆ ಕೂಡಿಸಿದ.

“ಮಾಸ್ಟ್ರೆ, ಎಂಟು ಅರವತ್ತೈದಲಿ ಐನೂರ ಇಪ್ಪತ್ತು ಅಲ್ವಾ?”

“ಹೌದು.”

“ಇಲ್ಲಿ ಐನೂರ ಮೂವತ್ತು ಬರ್ತದಲ್ಲ! ಹತ್ತು ಕಿಲೋ ಎಲ್ಲಿಂದ ಬಂತು ಮಾರಾಯ್ರೆ?”

ಮಾಸ್ಟ್ರು ಗೋಣಿಯನ್ನು ನೋಡಿದರು. ಐದು ಎಪ್ಪತ್ತಲಿ ಮುನ್ನೂರ ಐವತ್ತು. ಮೂರು ಅರವತ್ತಲಿ ನೂರ ಎಂಭತ್ತು. ಅವರ ಕಿವಿ ಬಿಸಿಯಾಯಿತು. ಎಪ್ಪತ್ತರ ಕಡೆ ಐದು ಜನ, ಅರವತ್ತರ ಕಡೆ ಮೂರೇ ಜನ. ಎರಡು ಸರಾಸರಿಯನ್ನು ಕೂಡಿಸಿ ಅರ್ಧ ಮಾಡಬಾರದು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಕೆಂಪು ಚಾಕಿನಲ್ಲಿ ಬರೆದು ಎರಡೆರಡು ಗೆರೆ ಎಳೆಯುವವರು ಅವರೇ.

“ನನ್ನದೇ ತಪ್ಪು,” ಎಂದರು. ಬೇರೆ ಯಾರಾದರೂ ಆಗಿದ್ದರೆ ತಕ್ಕಡಿಯ ತಪ್ಪು ಎನ್ನುತ್ತಿದ್ದರು. “ನಿಜವಾದ ಸರಾಸರಿ ಅರವತ್ತಾರೂಕಾಲು. ಈ ತಂಡ ಒಳಗೆ ಹೋಗ್ಲಿಕ್ಕಿಲ್ಲ.”

ಕಿಟ್ಟಣ್ಣನ ಮುಖ ಆರಿದ ಚಹಾದಂತಾಯಿತು. ಆಮೇಲೆ ಎಲ್ಲರೂ ಸಲಹೆ ಕೊಡಲು ಶುರು ಮಾಡಿದರು. ತಲೆ ಬೋಳಿಸುವ ಎಂದ ಒಬ್ಬ. ಓಡಿ ಬೆವರು ಇಳಿಸುವ ಎಂದ ಇನ್ನೊಬ್ಬ. ಎಂಟು ಜನ ಬಿಸಿಲಲ್ಲಿ ಮುಕ್ಕಾಲು ಗಂಟೆ ರಸ್ತೆಯ ಮೇಲೆ ಹಿಂದೆ ಮುಂದೆ ಓಡಿದರು. ಏದುಸಿರು ಬಿಡುತ್ತ ಬಂದು ತಕ್ಕಡಿ ಹತ್ತಿದರೆ ಮತ್ತೆ ಐನೂರ ಮೂವತ್ತೇ. ತಿರುವಿನಾಚೆ ಒಬ್ಬ ಎಳನೀರು ಮಾರುತ್ತಿದ್ದುದು ಮಾಸ್ಟ್ರಿಗೆ ಕಾಣಿಸಿರಲಿಲ್ಲ.

ಆಗ ಹಕೀಮ ಮಾಸ್ಟ್ರನ್ನು ಮೇಲಿಂದ ಕೆಳಗೆ ನೋಡಿದ. ಗುಣಮಟ್ಟ ನೋಡುವ ವ್ಯಾಪಾರಿಯ ನೋಟ ಅದು.

“ನಿಮ್ಮ ತೂಕ ಎಷ್ಟು?”

“ನಲವತ್ತೆಂಟು. ಯಾಕೆ?”

ಯಾಕೆ ಎಂದು ಕೇಳಿ ಮುಗಿಸುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಕಿಟ್ಟಣ್ಣ ಇಳಿದು ಮಾಸ್ಟ್ರು ಹತ್ತಿದರೆ ಒಂದೇಟಿಗೆ ನಲವತ್ತು ಕಿಲೋ ಉಳಿತಾಯ.

“ನನಗೆ ಬಾವಿಯಿಂದ ಕೊಡಪಾನ ಎಳೀಲಿಕ್ಕೇ ಆಗುದಿಲ್ಲ!”

“ತಪ್ಪು ಯಾರದ್ದು ಮಾಸ್ಟ್ರೆ?” ಕಿಟ್ಟಣ್ಣ ಮೆಲ್ಲಗೆ ಕೇಳಿದ. ಎದುರಿನ ಕಟ್ಟೆಯ ಮೇಲಿದ್ದ ಕಾಗೆ ಹಾರಿಹೋಯಿತು.

ಮಾಸ್ಟ್ರು ಬಿಳಿ ಅಂಗಿ ಬಿಚ್ಚಿದರು. ಅವರಿಗೆ ತೊಡಿಸಿದ ಕಿಟ್ಟಣ್ಣನ ಬನಿಯನು ಗೂಟಕ್ಕೆ ನೇತುಹಾಕಿದಂತೆ ಕಂಡಿತು. ಹಗ್ಗವನ್ನು ಹಲಸಿನ ಮರಕ್ಕೆ ಕಟ್ಟಿ ಎಳೆಯಿರಿ ಎಂದ ಕಿಟ್ಟಣ್ಣ. ಎಂಟೂ ಜನ ಎಳೆದರು. ಮರ ಅಲ್ಲೇ ಇತ್ತು. ಮಾಸ್ಟ್ರು ಮಾತ್ರ ಎರಡು ಸಲ ಹಿಂದಕ್ಕೆ, ಒಂದು ಸಲ ಏಕೋ ಮುಂದಕ್ಕೆ ಬಿದ್ದರು. ಅಂಗೈಯಲ್ಲಿ ಬಟಾಣಿಯಷ್ಟು ಬೊಕ್ಕೆ ಎದ್ದಿತು.

ಆದರೂ ಲೆಕ್ಕದ ಹಟ ಬಿಡಲಿಲ್ಲ. “ಈಗ ಒಟ್ಟು ನಾನೂರ ತೊಂಬತ್ತು. ಇನ್ನೂ ಮೂವತ್ತು ಕಿಲೋಗೆ ಜಾಗ ಉಂಟು,” ಎಂದರು.

ಹಕೀಮನ ಕಣ್ಣು ಹೊಳೆಯಿತು. ಕೊಯಿಲದ ಮೂವರಲ್ಲಿ ಲತೀಶ ಎಂಬವನದು ಸರಿಯಾಗಿ ಅರವತ್ತು. ಅವನನ್ನು ಕೆಳಗಿಳಿಸಿ, ಹಿಂದಿನ ಬೀದಿಯಿಂದ ಮೊಯ್ದಿನಬ್ಬನನ್ನು ಕರೆಸಿದ. ಮರದ ದಿಮ್ಮಿ ಹೊರುವ ಮೊಯ್ದಿನಬ್ಬ ಬರೋಬ್ಬರಿ ತೊಂಬತ್ತು. ಅವನು ತಕ್ಕಡಿ ಹತ್ತಿದಾಗ ತಕ್ಕಡಿಯೇ ಒಮ್ಮೆ ನಿಟ್ಟುಸಿರು ಬಿಟ್ಟಿತು.

ಮಾಸ್ಟ್ರು ಮೂರು ಸಲ ಕೂಡಿಸಿದರು. ಕಲ್ಲುಗುಂಡಿಯ ಐವರು ಮುನ್ನೂರ ಹತ್ತು, ಕೊಯಿಲದ ಮೂವರು ಇನ್ನೂರ ಹತ್ತು. ಒಟ್ಟು ಐನೂರ ಇಪ್ಪತ್ತು. ಸರಾಸರಿ ಅರವತ್ತೈದು, ಒಂದು ಗ್ರಾಮು ಆಚೆ ಈಚೆ ಇಲ್ಲ. ಅವರ ಎದೆ ಹಗುರವಾಯಿತು. ಬೊಕ್ಕೆ ಎದ್ದ ಕೈಯಿಂದಲೇ ಮೊಯ್ದಿನಬ್ಬನ ಬೆನ್ನು ತಟ್ಟಿದರು.

ಇಚಿಲಂಪಾಡಿಯ ಮೈದಾನದಲ್ಲಿ ಎರಡು ಗಂಟೆಗೆ ತೂಕ. ಮೇಜಿನ ಹಿಂದೆ ಕಮಿಟಿಯ ಶ್ರೀರಾಮ ಕೂತಿದ್ದ. ಕನ್ನಡಕ ಮೂಗಿನ ತುದಿಯಲ್ಲಿ, ಮುಂದೆ ಮುದ್ರಿಸಿದ ಫಾರ್ಮು. ಅದರಲ್ಲಿ ಎರಡು ಚೌಕ, ಒಂದೊಂದು ತಂಡದ ಸರಾಸರಿಗೆ ಒಂದೊಂದು. ಹಕೀಮನ ತಕ್ಕಡಿ ಇಳಿದ ಮೇಲೆ ಹೊಟ್ಟೆಗೆ ನೀರೂ ಹಾಕದ ಎಂಟೂ ಜನರನ್ನು ತೂಗಿ, ಮೊದಲ ಚೌಕದಲ್ಲಿ ಅರವತ್ತೆರಡು, ಎರಡನೆಯದರಲ್ಲಿ ಎಪ್ಪತ್ತು ಎಂದು ಬರೆದ. ಕೂಡಿಸಿದ. ಅರ್ಧ ಮಾಡಿದ.

“ಅರವತ್ತಾರು. ಒಂದು ಕಿಲೋ ಜಾಸ್ತಿ. ಆಗ್ಲಿಕ್ಕಿಲ್ಲ.”

ಮಾಸ್ಟ್ರಿಗೆ ಕಾಲಡಿಯ ಮಣ್ಣನ್ನೇ ಯಾರೋ ಹಗ್ಗ ಕಟ್ಟಿ ಎಳೆದಂತಾಯಿತು.

“ಹಾಗಲ್ಲ ಸ್ವಾಮಿ! ಐದು ಎಮ್ಮೆ, ಮೂರು ಆಡು ಉಂಟು ಅಂತ ಇಟ್ಟುಕೊಳ್ಳಿ—”

“ಇಲ್ಲಿ ಎಮ್ಮೆ ಇಲ್ಲ ಮಾಸ್ಟ್ರೆ. ಫಾರ್ಮಿನಲ್ಲಿ ಎರಡು ಚೌಕ ಉಂಟು. ಎರಡನ್ನು ಕೂಡಿಸಿ ಎರಡರಿಂದ ಭಾಗಿಸುದು. ಕೆಳಗೆ ಹಾಗೇ ಪ್ರಿಂಟ್ ಆಗಿದೆ.”

ಮಾಸ್ಟ್ರು ನೆಲದ ಮೇಲೆ ಕೋಲಿನಿಂದ ಬರೆದರು. ಗೆರೆ ಎಳೆದರು. ಜನ ಸೇರಿದರು. ಮೈಕಿನವನು ಏನೋ ವಿಶೇಷ ಸ್ಪರ್ಧೆ ನಡೆಯುತ್ತಿದೆ ಎಂದುಕೊಂಡು “ಉತ್ತಮ ಪ್ರದರ್ಶನ” ಎಂದು ಘೋಷಿಸಿದ. ಶ್ರೀರಾಮ ತಾಳ್ಮೆಯಿಂದ ಪೂರ್ತಿ ಕೇಳಿ, “ನೀವು ಹೇಳುದು ಚಂದ ಉಂಟು. ಆದ್ರೆ ಅರವತ್ತಾರು,” ಎಂದ.

ಆಗ ಹಿಂದಿನಿಂದ ಕಿಟ್ಟಣ್ಣನ ದನಿ ಬಂತು.

“ಮಾಸ್ಟ್ರೆ, ಇವರ ಲೆಕ್ಕದಲ್ಲಿ ನಮ್ಮ ಬೆಳಿಗ್ಗೆಯ ತಂಡ ಎಷ್ಟಾಗ್ತದೆ? ಎಪ್ಪತ್ತು, ಅರವತ್ತು...”

ಮಾಸ್ಟ್ರು ನೆಲದ ಮೇಲಿನ ಲೆಕ್ಕವನ್ನು ಕಾಲಿನಿಂದ ಅಳಿಸತೊಡಗಿದರು. ಶ್ರೀರಾಮನೇ ಉತ್ತರಿಸಿದ. “ಸರಿಯಾಗಿ ಅರವತ್ತೈದು. ಆರಾಮ ಒಳಗೆ ಹೋಗ್ತಿತ್ತು.”

ಹದಿನೈದು ಕಣ್ಣು ಮಾಸ್ಟ್ರ ಮೇಲೆ ನೆಟ್ಟವು. ಮೊಯ್ದಿನಬ್ಬನ ಒಂದು ಕಣ್ಣಿಗೆ ಧೂಳು ಬಿದ್ದಿತ್ತು.

“ಅಂದ್ರೆ ಬೆಳಿಗ್ಗೆ ಫೋನಿನಲ್ಲಿ ನೀವು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಮಾಡಿದ್ದೇ ಸರಿ ಇತ್ತು!” ಎಂದ ಕಿಟ್ಟಣ್ಣ.

“ಅದು ತಪ್ಪು ಲೆಕ್ಕ ಕಿಟ್ಟಣ್ಣ.”

“ತಪ್ಪೇ ಇರಲಿ ಮಾರಾಯ್ರೆ, ಅದನ್ನು ಸರಿ ಮಾಡ್ಲಿಕ್ಕೆ ನಿಮಗೆ ಯಾರು ಹೇಳಿದ್ದು?”

ಪುಣ್ಯಕ್ಕೆ ಪಂದ್ಯ ನೋಡಲು ಲತೀಶನೂ ಬಂದಿದ್ದ. ಹತ್ತು ನಿಮಿಷದೊಳಗೆ ಹಳೆಯ ತಂಡವನ್ನೇ ನಿಲ್ಲಿಸಿದರೆ ಆದೀತು ಎಂದ ಶ್ರೀರಾಮ. ಮಾಸ್ಟ್ರು ಬನಿಯನು ಕಳಚಿ ಕೊಟ್ಟರು. ಲತೀಶ ತಕ್ಕಡಿ ಹತ್ತಿದ: ಅರವತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟ್ಟಣ್ಣ ಹತ್ತಿದ. ಮುಳ್ಳು ಎಂಭತ್ತೆಂಟಕ್ಕೆ ನಿಲ್ಲಲಿಲ್ಲ. ತೊಂಬತ್ತೊಂದಕ್ಕೆ ಹೋಗಿ ಅಲ್ಲಾಡದೆ ಕೂತಿತು.

“ನನ್ನನ್ನು ತಂಡದಿಂದ ತೆಗೆದಿದ್ರಲ್ಲ,” ಕಿಟ್ಟಣ್ಣ ತಲೆ ತಗ್ಗಿಸಿದ. “ಬೇಜಾರಲ್ಲಿ ಸ್ವಲ್ಪ ನೀರುದೋಸೆ ಕೋಳಿಸಾರು ತಿಂದೆ. ಹದಿನೆಂಟೋ ಇಪ್ಪತ್ತೋ.”

ಐವರ ಸರಾಸರಿ ಎಪ್ಪತ್ತು ದಾಟಿತು. ಶ್ರೀರಾಮ ಕೂಡಿಸಿ, ಅರ್ಧ ಮಾಡಿ, “ಅರವತ್ತೈದು ಪಾಯಿಂಟ್ ಮೂರು,” ಎಂದು ಫಾರ್ಮಿನ ಮೇಲೆ ಅಡ್ಡಗೆರೆ ಎಳೆದ.

ಆಮೇಲೆ ಎದ್ದು ಬಂದು, ಬರಿಮೈಯಲ್ಲಿ ನಿಂತಿದ್ದ ಮಾಸ್ಟ್ರ ಹೆಗಲ ಮೇಲೆ ಗೌರವದಿಂದ ಕೈಯಿಟ್ಟ.

“ಬೇಜಾರು ಮಾಡ್ಬೇಡಿ. ನಮ್ಮ ಫಾರ್ಮಿನ ಲೆಕ್ಕವನ್ನು ಬೆಳಿಗ್ಗೆ ಫೋನಿನಲ್ಲೇ, ಕಾಗದ ಇಲ್ಲದೆ, ಸರಿಯಾಗಿ ಹೇಳಿದವರು ನೀವೊಬ್ಬರೇ. ಬರುವ ವರ್ಷ ಈ ಕುರ್ಚಿಯಲ್ಲಿ ನೀವೇ ಕೂರಬೇಕು.”

ಮಾಸ್ಟ್ರು ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಎರಡೂ ತಂಡದವರು, ಇಡೀ ದಿನದಲ್ಲಿ ಮೊದಲ ಸಲ ಒಂದೇ ದನಿಯಲ್ಲಿ ಕೂಗಿದರು:

“ಖಂಡಿತ ಕೂರಿಸಿ ಮಾರಾಯ್ರೆ! ನಮ್ಮ ಕಡೆಯಿಂದ ನಿಮಗೇ ಬಿಟ್ಟುಕೊಟ್ಟದ್ದು ಅಂತ ಈಗಲೇ ಬರೆದುಕೊಳ್ಳಿ!”