ಗಗನನೌಕೆಯೂ ಅಕ್ಕನ ಡಬ್ಬಿಯೂ

ನನಗೊಂದು ಕೆಟ್ಟ ಚಟವಿದೆ. ಎಲೆಅಡಿಕೆಯಲ್ಲ, ಧಾರಾವಾಹಿಯೂ ಅಲ್ಲ, ವಿಮರ್ಶೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಕೆಂಪು ಮಸಿಯಲ್ಲಿ ಉತ್ತರಪತ್ರಿಕೆ ತಿದ್ದಿ ತಿದ್ದಿ, ಕಣ್ಣಿಗೆ ಬಿದ್ದದ್ದರಲ್ಲೆಲ್ಲ ತಪ್ಪು ಹುಡುಕುವುದು ರೂಢಿಯಾಗಿಬಿಟ್ಟಿದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಕೇಳದಿದ್ದರೂ ಹುಳಿಗೆ ಬೆಲ್ಲ ಸಾಲದು, ಒಬ್ಬಟ್ಟಿನ ಕಣಕ ದಪ್ಪವಾಯಿತು ಎಂದು ಹೇಳಿಯೇ ಏಳುವವಳು ನಾನು. ನಿವೃತ್ತಳಾದ ಮೇಲೆ ನಮ್ಮೂರಿನ ಸಣ್ಣ ವಾರಪತ್ರಿಕೆಯೊಂದು ಈ ಚಟಕ್ಕೆ ಅರ್ಧ ಪುಟ ಜಾಗ ಬೇರೆ ಕೊಟ್ಟಿತು. ನಾಟಕ, ಪುಸ್ತಕ, ಸಂಗೀತ ಕಚೇರಿ, ಯಾವುದನ್ನೂ ಬಿಟ್ಟವಳಲ್ಲ. ನಮ್ಮ ಯಜಮಾನರಂತೂ ನಾನು ಅವರ ಷರಟಿನ ಕಡೆ ಒಮ್ಮೆ ನೋಡಿದರೆ ಸಾಕು, "ಇಸ್ತ್ರಿ ನಾನೇ ಮಾಡಿದ್ದು. ಏನಿದೆಯೋ ಹೇಳ್ಬಿಡು" ಎಂದು ತಲೆಯೊಡ್ಡಿ ನಿಲ್ಲುತ್ತಾರೆ.

ಈ ಚಟ ಒಂದು ದಿನ ನನ್ನ ಅಕ್ಕನವರೆಗೂ ಹೋಯಿತು. ಅಕ್ಕ ಇರುವುದು ಚಾಮರಾಜಪುರಂನಲ್ಲಿ, ನಾವು ಹೂಟಗಳ್ಳಿಯ ಹೊಸ ಬಡಾವಣೆಯಲ್ಲಿ. ನಮ್ಮಿಬ್ಬರ ನಡುವೆ ಎಷ್ಟೋ ವರ್ಷಗಳಿಂದ ಒಂದು ಸ್ಟೀಲ್ ಡಬ್ಬಿ ಓಡಾಡುತ್ತಿತ್ತು. ಅದರ ಮುಚ್ಚಳದ ಮೇಲೆ ನಮ್ಮಮ್ಮನ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಕೊರೆಸಿದೆ. ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು ಎನ್ನುವುದು ನಿಮಗೂ ಗೊತ್ತಿರುವ ವಿಷಯವೇ. ಅಕ್ಕ ಸಾರಿನ ಪುಡಿ ತುಂಬಿ ಕಳಿಸಿದರೆ ನಾನು ಕೋಡುಬಳೆ ತುಂಬಿ ಕಳಿಸುತ್ತಿದ್ದೆ. ಏನೂ ಒದಗದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದೆವು. ಡಬ್ಬಿ ಯಾರ ಮನೆಯಲ್ಲಿದೆಯೋ ಮುಂದಿನ ಕೆಲಸ ಅವರದು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಒಮ್ಮೆಯೂ ತಪ್ಪಿರಲಿಲ್ಲ. ಕಳೆದ ಯುಗಾದಿಯ ನಂತರ ಬಂದ ಪುಡಿಯಲ್ಲಿ ಸಾರು ಮಾಡಿ ಉಂಡವಳೇ ಫೋನು ಮಾಡಿದೆ. "ಅಕ್ಕ, ಮೆಂತ್ಯ ಒಂದು ಕೈ ಮುಂದಾಗಿದೆ. ಅಮ್ಮನ ಕೈ ಇಲ್ಲ ಇದರಲ್ಲಿ" ಅಂದೆ. ಅಕ್ಕ, "ಹಂಗಾದ್ರೆ ಅಮ್ಮನ ಹತ್ರಾನೇ ತರಿಸ್ಕೋ ಕಣೇ" ಎಂದು ಫೋನಿಟ್ಟಳು. ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿದೆ.

ಫೋನಿಟ್ಟವಳು ಅವಳು, ಆದ್ದರಿಂದ ತಿರುಗಿ ಮಾಡಬೇಕಾದವಳೂ ಅವಳೇ ಎಂದು ನಾನು ತೀರ್ಪು ಕೊಟ್ಟುಕೊಂಡೆ. ಒಂದು ತಿಂಗಳು ಕಾದೆ. ಗೌರಿ ಹಬ್ಬಕ್ಕಾದರೂ ಮಾಡುತ್ತಾಳೆ ಎಂದು ಕಾದೆ. ಎಂಟು ತಿಂಗಳಾಯಿತು. ಡಬ್ಬಿ ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ, ಕಾಫಿಪುಡಿಯ ಪಕ್ಕದಲ್ಲಿ, ಅಮ್ಮನ ಹೆಸರು ಹೊತ್ತುಕೊಂಡು ಕೂತೇ ಇತ್ತು. ದಿನಾ ಬೆಳಿಗ್ಗೆ ಕಾಫಿಗೆ ಕೈ ಚಾಚುವಾಗ ಅದು ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅಕ್ಕ ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ವಿಮರ್ಶಕಿಗೆ ತಪ್ಪು ಹುಡುಕಲು ಬರುತ್ತದೆಯೇ ಹೊರತು ಒಪ್ಪಿಕೊಳ್ಳಲು ಬರುವುದಿಲ್ಲವಲ್ಲ.

ಹೀಗಿರುವಾಗ ಒಂದು ಭಾನುವಾರ ಅಕ್ಕನ ಮಗಳು ಸಿಂಧು ಸ್ಕೂಟರಿನಲ್ಲಿ ಬಂದಳು. ಹಗಲು ಮನೆಗಳ ನಕ್ಷೆ ಬರೆಯುವ ಕಛೇರಿಯಲ್ಲಿ ಕೆಲಸ, ಸಂಜೆ ಇಬ್ಬರು ಗೆಳತಿಯರ ಜೊತೆ ಕೂತು ಕಂಪ್ಯೂಟರ್ ಆಟ ತಯಾರಿಸುವ ಹುಚ್ಚು. ಎರಡು ವರ್ಷದ ಹುಚ್ಚು ಈಗ ಪೂರ್ತಿಯಾಗಿ, ಆಟ ಹೊರಬಿದ್ದು ಮೂರು ವಾರವಾಗಿತ್ತು. "ಅಮ್ಮನ ವಿಷಯ ಮಾತಾಡೋಕೆ ಬಂದಿಲ್ಲ ಚಿಕ್ಕಮ್ಮ" ಎಂದು ಮೊದಲೇ ಗೆರೆ ಎಳೆದಳು. "ನಮ್ಮ ಗೇಮಿಗೆ ಒಂದು ವಿಮರ್ಶೆ ಬರ್ಕೊಡಿ. ಇಲ್ಲೀವರೆಗೂ ಯಾರೂ ಒಂದು ಸಾಲೂ ಬರ್ದಿಲ್ಲ. ಚೆನ್ನಾಗಿಲ್ಲ ಅಂತಾದ್ರೂ ಬರೀರಿ, ಪರವಾಗಿಲ್ಲ." ನನಗೆ ಆಟದ ಗಂಧವೂ ಗೊತ್ತಿಲ್ಲ ಅಂದೆ. "ಸಂಗೀತಾನೂ ಗೊತ್ತಿಲ್ಲ, ಬರೀತೀರಲ್ಲ" ಎಂದಳು ಪುಣ್ಯಾತ್ಗಿತ್ತಿ. ಯಜಮಾನರು ಪೇಪರಿನ ಹಿಂದೆ ನಕ್ಕಿದ್ದು ನನಗೆ ಕೇಳಿಸಿತು.

ಅವಳ ಹಳೆಯ ಲ್ಯಾಪ್‌ಟಾಪು ನಮ್ಮ ಊಟದ ಮೇಜಿನ ಮೇಲೆ ಪ್ರತಿಷ್ಠಾಪನೆಯಾಯಿತು. ಆಟದ ಹೆಸರು 'ಚಂದ್ರನಿಗೊಂದು ಕೊಡ ನೀರು'. ಮುಂದೆಂದೋ ಒಂದು ಕಾಲದಲ್ಲಿ, ಯಾವುದೋ ಗ್ರಹದ ಚಂದ್ರನ ಮೇಲೆ ಮನೆ ಮಾಡಿಕೊಂಡಿರುವ ಜನಕ್ಕೆ ನೀರು ಮುಗಿಯುತ್ತಾ ಬಂದಿದೆ. ಒಂದು ಲಟಾರಿ ಗಗನನೌಕೆಯಲ್ಲಿ ನಾಲ್ಕು ಜನ ನೀರು ತುಂಬಿಕೊಂಡು ಹೊರಟಿದ್ದಾರೆ: ನಾಯಕಿ, ಒಬ್ಬ ಫಿಟ್ಟರ್, ಒಬ್ಬ ಗಿಡದ ಡಾಕ್ಟರ್, ಮತ್ತು ಅಡುಗೆಯ ಅಜ್ಜಿ. ಈ ನಾಲ್ವರನ್ನೂ ನಾವೇ ನಡೆಸಬೇಕು. "ಎರಡೂವರೆ, ಮೂರು ಗಂಟೆ ಅಷ್ಟೇ, ಪುಟ್ಟ ಆಟ" ಎಂದಿದ್ದಳು ಸಿಂಧು. ನನಗೆ ಹಿಡಿದದ್ದು ಹನ್ನೊಂದು ದಿನ. ಕಡಕೊಳದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ನಮ್ಮ ಯಜಮಾನರು ಮೊದಲ ದಿನವೇ ಬಗ್ಗಿ ನೋಡಿ, "ಆ ವಾಲ್ವು ಹಂಗೆ ತಿರುಗಲ್ಲ ಕಣೇ, ಬರ್ಕೋ" ಅಂದರು. ಚಟ ಅಂಟುರೋಗ ಎನ್ನುವುದು ಸುಳ್ಳಲ್ಲ. ಅಷ್ಟಲ್ಲದೆ ಆಟದ ಸಂಗೀತ ಅವರ ವಾರ್ತೆಗೆ ಅಡ್ಡ ಬರುತ್ತದೆ ಎಂದು ಲ್ಯಾಪ್‌ಟಾಪಿನ ಧ್ವನಿಯನ್ನೂ ಪೂರ್ತಿ ಆರಿಸಿಬಿಟ್ಟರು.

ಸ್ವಲ್ಪ ಹೊತ್ತಿಗೆ ನೌಕೆಯ ಬಾಗಿಲು ತೆರೆದುಕೊಂಡು, ತುಕ್ಕು ಹಿಡಿದ ಯಂತ್ರಮಾನವನೊಬ್ಬ ಒಳಗೆ ಬಂದ. ಯಾವುದೋ ಹಾಳು ನೌಕೆಯಲ್ಲಿ ನೆಲ ಒರೆಸುತ್ತಿದ್ದವನಂತೆ. ಈಗ ತಲೆಕೆಟ್ಟು ಕಂಡವರನ್ನೆಲ್ಲ ಒರೆಸಿಹಾಕುತ್ತಾನೆ. ಬಂದವನು ಪೊರಕೆಯಂಥ ಕೈಯನ್ನು ಮೇಲೆತ್ತಿ ನಿಂತ. ನಮ್ಮ ನಾಲ್ವರು ಎದುರಿಗೆ ಸಾಲಾಗಿ ನಿಂತರು. ಕೆಳಗೆ ಒಂದು ಬಾಣದ ಗುರುತು ಮಿಣಮಿಣ ಎನ್ನುತ್ತಿತ್ತು, ನೌಕೆಯ ದೀಪವಿರಬೇಕು ಎಂದುಕೊಂಡೆ. ಅವನು ಹೊಡೆಯಲಿ ಎಂದು ಕೈಕಟ್ಟಿ ಕೂತೆ. ಹೊಡೆಯಲಿಲ್ಲ. ಸೊಪ್ಪು ಬಿಡಿಸಿಕೊಂಡು ಬಂದೆ, ಕೈಯೆತ್ತಿಕೊಂಡೇ ಇದ್ದ. ಮುಚ್ಚಿಟ್ಟು ಮಾರನೆಯ ದಿನ ತೆರೆದರೂ ಹಾಗೆಯೇ ನಿಂತಿದ್ದಾನೆ. ಮೂರು ದಿನ ನಮ್ಮ ಯಜಮಾನರು ಆ ಎತ್ತಿದ ಪೊರಕೆಯ ಎದುರಿಗೇ ಕೂತು ಊಟ ಮಾಡಿದರು.

ನಾನೇಕೆ ಹಾಗೆ ಕಾದೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮಮ್ಮ. ನಾವು ಚಿಕ್ಕವರಿದ್ದಾಗ ಬೇಸಿಗೆ ರಜೆ ಪೂರ್ತಿ ಮನೆಯಲ್ಲಿ ಚೌಕಾಬಾರದ್ದೇ ಕಾರುಬಾರು. ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದು, ಬಳೆಚೂರು, ಹುಣಸೆಬೀಜಗಳನ್ನೇ ಕಾಯಿ ಮಾಡಿಕೊಂಡು, ನಾಲ್ಕು ಕವಡೆ ಹಿಡಿದು ಕೂತರೆ ಮಧ್ಯಾಹ್ನದ ಬಿಸಿಲು ಇಳಿದದ್ದೇ ತಿಳಿಯುತ್ತಿರಲಿಲ್ಲ. ಅಮ್ಮ ಅಡುಗೆಮನೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂರುತ್ತಿದ್ದಳು. ಅವಳ ಸೆರಗಿನಲ್ಲಿ ಒಗ್ಗರಣೆಯ ವಾಸನೆ ಇರುತ್ತಿತ್ತು. ಅವಳದೊಂದು ಕಾನೂನು: ಮನೆಗೆ ಬಂದವರಿಗೆ ಮೊದಲ ಕವಡೆ. ಪಕ್ಕದ ಮನೆಯವರಿರಲಿ, ಹಾಲಿನವಳಿರಲಿ, ಆಡಲು ಕೂತರೆ ಮೊದಲು ಅವರು ಹಾಕಬೇಕು, ನಾವು ಕಾಯಬೇಕು. ಅಕ್ಕ ನನ್ನ ಕಾಯಿಯನ್ನು ಹಣ್ಣಾಗಲು ಇನ್ನೊಂದೇ ಮನೆ ಇರುವಾಗ ಕಡಿದುಬಿಡುತ್ತಿದ್ದಳು. ನಾನು ಮುಖ ಊದಿಸಿಕೊಂಡು, ಕವಡೆ ಮುಟ್ಟದೆ, ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ಆಗ ಅಮ್ಮ ಬೈಯುತ್ತಿರಲಿಲ್ಲ, ರಮಿಸುತ್ತಲೂ ಇರಲಿಲ್ಲ. ಕವಡೆಗಳನ್ನು ನನ್ನ ಮೊಣಕಾಲಿನ ಹತ್ತಿರ ತಳ್ಳಿ, "ನಿಂದೇ ಆಟ ಕಣಮ್ಮ" ಎನ್ನುತ್ತಿದ್ದಳು, ಅಷ್ಟೇ. ನಾನು ತಿರುಗುವವರೆಗೂ ಇಬ್ಬರೂ ಕಾಯುತ್ತಿದ್ದರು. ಎಷ್ಟು ಉದ್ದವಿದ್ದವು ಆ ಮಧ್ಯಾಹ್ನಗಳು! ಆ ಯಂತ್ರಮಾನವನೂ ನಮ್ಮ ನೌಕೆಗೆ ಬಂದವನು ತಾನೇ? ಮೊದಲ ಏಟು ಅವನದೇ ಎಂದು ನಾನು ಮರ್ಯಾದೆಯಿಂದ ಕಾದೆ.

ನಾಲ್ಕನೆಯ ದಿನ ಸಿಂಧುವಿಗೆ ಫೋನು ಮಾಡಿ, "ನಿನ್ನ ಆಟ ಕೆಟ್ಟಿದೆ ಕಣಮ್ಮ. ಅವನು ಹೊಡೀತಾನೇ ಇಲ್ಲ" ಅಂದೆ. ಕೇಳಿ ಅವಳು ಬಹಳ ಹೊತ್ತು ನಕ್ಕಳು. "ಚಿಕ್ಕಮ್ಮ, ಇದು ಟರ್ನ್ ಬೇಸ್ಡ್ ಆಟ. ಸರದಿ ಪ್ರಕಾರ ಆಡೋದು. ಈಗ ನಿಮ್ಮ ಸರದಿ. ನೀವು ಆಡೋವರೆಗೂ ಅವನು ಏನೂ ಮಾಡಲ್ಲ, ವರ್ಷ ಬೇಕಾದ್ರೂ ಹಂಗೇ ನಿಂತಿರ್ತಾನೆ."

"ಪಾಪ" ಅಂದೆ. "ನನಗೆ ಹೇಗಮ್ಮ ಗೊತ್ತಾಗಬೇಕು?"

"ಅಜ್ಜಿ ಹೇಳ್ತಾಳಲ್ಲ! ನೀವು ಸುಮ್ನೆ ಕೂತ್ರೆ ನಿಮಿಷಕ್ಕೊಂದು ಸಲ ಹೇಳ್ತಾಳೆ. ಸೌಂಡ್ ಹಾಕಿಲ್ವಾ?"

ಧ್ವನಿ ಹಾಕಿದೆ. ಒಂದು ನಿಮಿಷ ಕಾದೆ. ಗಗನನೌಕೆಯ ಅಡುಗೆಯ ಅಜ್ಜಿ ಸೌಟು ಹಿಡಿದು ನನ್ನ ಕಡೆ ತಿರುಗಿದಳು. "ನಿಂದೇ ಆಟ ಕಣಮ್ಮ" ಅಂದಳು. ಮಾತು ಅಮ್ಮನದು, ಧ್ವನಿ ಅಕ್ಕನದು. ಕೊನೆಯಲ್ಲಿ ಸ್ವಲ್ಪ ಎಳೆಯುವ ಅದೇ ಧ್ವನಿ, ಎಂಟು ತಿಂಗಳಿಂದ ಕೇಳದ್ದು. ದನಿ ಕೊಡಲು ಹೊರಗಿನವರನ್ನು ಕರೆಸುವ ಅನುಕೂಲ ಇಲ್ಲದೆ, ಸಿಂಧು ಮನೆಯಲ್ಲಿದ್ದ ತನ್ನ ಅಮ್ಮನನ್ನೇ ಕೂರಿಸಿ ಹೇಳಿಸಿದ್ದಳಂತೆ. ಮೂರು ದಿನ ಅಕ್ಕ ನಮ್ಮ ಊಟದ ಮೇಜಿನ ಮೇಲೇ ನಿಮಿಷಕ್ಕೊಂದು ಸಲ ನನ್ನ ಸರದಿಯನ್ನು ನೆನಪಿಸಿದ್ದಾಳೆ, ನಾವು ಬಾಯಿ ಮುಚ್ಚಿಸಿದ್ದೇವೆ. ಇನ್ನೊಂದು ನಿಮಿಷ ಸುಮ್ಮನೆ ಕೂತೆ, ಅಕ್ಕ ಮತ್ತೆ ಹೇಳಿದಳು. ಅದನ್ನು ಎಷ್ಟು ಸಲ ಹೇಳಿಸಿದೆನೋ ಲೆಕ್ಕವಿಟ್ಟಿಲ್ಲ. ಯಜಮಾನರು ವಾರ್ತೆ ನಿಲ್ಲಿಸಿ ಬಂದರು, ನನ್ನ ಮುಖ ನೋಡಿದರು, ಒಂದು ಲೋಟ ನೀರು ತಂದಿಟ್ಟರು.

ಆಮೇಲೆ ಆಟ ಆಡಿದೆ, ಮುಗಿಸಿದೆ. ವಿಮರ್ಶಕಿಯಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅಕ್ಷರ ಚಿಕ್ಕದು. ನಾಯಕಿ ಮಾತು ಜಾಸ್ತಿ ಆಡುತ್ತಾಳೆ. ಗಿಡದ ಡಾಕ್ಟರಿಗೆ ನಡುವೆ ಕೆಲಸವೇ ಇಲ್ಲ. ವಾಲ್ವಿನ ವಿಷಯ ಆಗಲೇ ಬಂದಿದೆ. ಆದರೆ ಗಾಯವಾದವರಿಗೆ ಅಜ್ಜಿ ಬಿಸಿ ಸಾರು ಬಡಿಸುವಾಗ ಲೋಟದ ಮೇಲೆ ಏಳುವ ಹಬೆಯನ್ನು ಆ ಹುಡುಗಿಯರು ಎಷ್ಟು ಮನಸ್ಸಿಟ್ಟು ಬರೆದಿದ್ದಾರೆಂದರೆ, ಯಾರಿಗಾದರೂ ಗಾಯವಾಗಲಿ ಎಂದೇ ನಾನು ಕೆಲವು ಸಲ ಬೇಕೆಂದು ತಪ್ಪಾಗಿ ಆಡಿದೆ. ನಮ್ಮ ಸಿಟ್ಟು ಇಳಿಯುವವರೆಗೂ ಎದುರಿನವರು ಕೈಯೆತ್ತಿಕೊಂಡು ಕಾಯುವ ಆಟ ನನಗೆ ಹಿಡಿಸಿತು. ನೀರು ಚಂದ್ರನನ್ನು ಮುಟ್ಟಿದಾಗ ಅಲ್ಲಿನ ಜನ ಕೊಡವನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಹಿಡಿ ಚಂದ್ರನ ಮಣ್ಣು ಹಾಕಿ ಕೊಡುತ್ತಾರೆ. ಅಲ್ಲಿ ನಾನು ಎದ್ದು ಅಡುಗೆಮನೆಗೆ ಹೋದೆ.

ಶೆಲ್ಫಿನ ಮೇಲಿದ್ದ ಡಬ್ಬಿ ಇಳಿಸಿದೆ. ಎಂಟು ತಿಂಗಳು ಅದು ನನ್ನ ಮನೆಯಲ್ಲಿತ್ತು. ಸರದಿ ಯಾರದು ಎಂದು ತಿಳಿಯಲು ಗಗನನೌಕೆಯೇನೂ ಬೇಕಿರಲಿಲ್ಲ. ಕೊಬ್ಬರಿ ಮಿಠಾಯಿ ಮಾಡಿ ತುಂಬಿದೆ. ಆಟದ ಬಗ್ಗೆ ಬರೆದ ನಾಲ್ಕು ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ಸಿಟಿ ಬಸ್ಸು ಹತ್ತಿದೆ. ಡಬ್ಬಿ ತೊಡೆಯ ಮೇಲಿತ್ತು, ಅಕ್ಕ ಬಾಗಿಲು ತೆರೆಯದಿದ್ದರೆ ಎಂಬ ಭಯ ಎದೆಯಲ್ಲಿತ್ತು.

ಅಕ್ಕ ಬಾಗಿಲು ತೆರೆದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. "ಡಬ್ಬಿ ಬಂತಾ" ಅಂದಳು. ನಿಂತಲ್ಲೇ ಮುಚ್ಚಳ ತೆಗೆದು ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಪಾಕ ಗಟ್ಟಿಯಾಯ್ತು ಕಣೇ. ಹಲ್ಲು ಹೋಗ್ಬುಡುತ್ತೆ." ನನ್ನ ಉತ್ತರಪತ್ರಿಕೆಯ ಮೇಲೆ ಕೆಂಪು ಮಸಿ ಬಿದ್ದದ್ದು ಬಹಳ ಕಾಲದ ಮೇಲೆ. "ಹೌದಕ್ಕ" ಅಂದೆ, "ನಾನು ಅವತ್ತು ಹಂಗನ್ನಬಾರದಿತ್ತು." ಅವಳು ಅಗಿಯುತ್ತಲೇ ಇದ್ದಳು. "ಒಳಗೆ ಬಾ. ಪುಡಿ ಮಾಡಿಟ್ಟು ಎಷ್ಟು ದಿನ ಆಯ್ತು, ಕಳಿಸ್ಬುಡೋಣ ಅಂದ್ರೆ ಡಬ್ಬಿ ನಿನ್ ಹತ್ರ ಕೂತಿದೆ."

"ಬೇರೆ ಡಬ್ಬಿ ಇರಲಿಲ್ವಾ?"

"ಇತ್ತು" ಎಂದಳು ಅಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು.

ಆ ಹೊಸ ಪುಡಿಯಲ್ಲೇ ಸಾರಾಯಿತು. ಊಟಕ್ಕೆ ಕೂತೆವು. ಸಿಂಧು ನನ್ನ ನಾಲ್ಕು ಹಾಳೆಗಳನ್ನು ಓದಿ ಮುಗಿಸಿ, ಮುಖ ಅರಳಿಸಿಕೊಂಡು ಎದುರಿಗೆ ಕೂತಿದ್ದಳು. ಅಕ್ಕ ಸೌಟು ಹಿಡಿದೇ ನಿಂತಿದ್ದಳು, ಥೇಟ್ ನೌಕೆಯ ಅಜ್ಜಿ. "ಹೇಳು, ಹೆಂಗಿದೆ?" ನಾನು ಒಂದು ತುತ್ತು ಉಂಡೆ. ಮೂವತ್ತು ವರ್ಷದ ಚಟವನ್ನು ಅನ್ನದ ಜೊತೆಗೇ ನುಂಗಿದೆ. "ಬಹಳ ಚೆನ್ನಾಗಿದೆ ಅಕ್ಕ. ಮೆಂತ್ಯ ಹದವಾಗಿ ಬಿದ್ದಿದೆ. ಅಮ್ಮಂದೇ ಕೈ."

"ಸುಳ್ಳು ಹೇಳ್ಬೇಡ ಕಣೇ" ಎಂದಳು ಅಕ್ಕ. "ನೀನಂದೆ ಅಂತ ಈ ಸಲ ಮೆಂತ್ಯಾನೇ ಹಾಕಿಲ್ಲ."

ಸಿಂಧುವಿನ ಮುಖದ ನಗು ನಿಧಾನವಾಗಿ ಇಳಿಯಿತು. ಪಕ್ಕದಲ್ಲಿದ್ದ ಹಾಳೆಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಚಿಕ್ಕಮ್ಮ, ಹಂಗಾದ್ರೆ ನನ್ನ ಗೇಮ್ ಚೆನ್ನಾಗಿದೆ ಅಂತ ಬರ್ದಿದ್ದೀರಲ್ಲ, ಅದು?"

ನಾನು ತಟ್ಟೆ ಮುಂದೆ ಒಡ್ಡಿ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.