ಏಲಕ್ಕಿ ಮುಚ್ಚಳ

ಕುಕ್ಕರು ಸೀಟಿ ಹಾಕುವ ಮೊದಲೇ ಕಿವಿ ಮುಚ್ಚಿಕೊಳ್ಳುವ ಸಿದ್ಧಾರೂಢ ತನ್ನ ಗರಾಜಿನಲ್ಲಿ ಪಿಸ್ತೂಲಿನ ಗುಂಡು ತಯಾರಿಸುತ್ತಾನೆ ಎಂದರೆ ಕ್ಯಾಲಿಫೋರ್ನಿಯಾದ ಬೆರ್ರಿಯೆಸಾದ ಕನ್ನಡಿಗರಲ್ಲಿ ಯಾರೂ ನಂಬುತ್ತಿರಲಿಲ್ಲ. ಹೆಂಡತಿ ಶೀತಲ್ ಅದನ್ನು ಯಾರಿಗೂ ಹೇಳಿಯೂ ಇರಲಿಲ್ಲ. "ನಿಮ್ಮವರ ಹಾಬಿ ಏನು?" ಎಂದು ಕೇಳಿದವರಿಗೆ "ಹಿತ್ತಾಳೆ ಕೆಲಸ" ಎನ್ನುತ್ತಿದ್ದಳು. ಕೇಳಿದವರು ದೇವರ ಮೂರ್ತಿಗಳನ್ನು ಕಲ್ಪಿಸಿಕೊಂಡು, ಇಂಥ ಗಂಡ ಸಿಗಬೇಕೆಂದರೆ ಪುಣ್ಯ ಮಾಡಿರಬೇಕು ಎಂದು ಹೋಗುತ್ತಿದ್ದರು.

ಇದಕ್ಕೆಲ್ಲ ಮೂಲ ಪಕ್ಕದ ಮನೆಯ ಲೆಸ್ಟರ್. ಎಂಬತ್ತಾರು ವರ್ಷ, ನಡುಗುವ ಕೈ, ಮಬ್ಬಾದ ಕಣ್ಣು. ತೀರಿಕೊಂಡ ಹೆಂಡತಿ ಡೋರಥಿಯ ಒಂದು ಪುಟ್ಟ ರಿವಾಲ್ವರ್ ಅವನ ಬಳಿ ಇತ್ತು. ಅದಕ್ಕೆ ಲೆಸ್ಟರನಿಗಿಂತ ಹೆಚ್ಚು ವಯಸ್ಸು. ಕಾಗದಪತ್ರ, ಸಹಿ, ಹತ್ತು ದಿನದ ಕಾಯುವಿಕೆ ಎಲ್ಲ ಮುಗಿದು ಅದು ಸಿದ್ಧಾರೂಢನ ಕೈಗೆ ಬಂದಾಗ, ಜೊತೆಗೆ ಒಂದು ಮಾತೂ ಬಂತು. ಸೋಮವಾರ ಲೆಸ್ಟರ್ ಮನೆ ಖಾಲಿ ಮಾಡಿ ಆರೆಗಾನಿನ ಮಗಳ ಮನೆಗೆ ಹೋಗುತ್ತಾನೆ. ಅದಕ್ಕೆ ಮುಂಚಿನ ಶನಿವಾರ ಕ್ಲಬ್ಬಿನಲ್ಲಿ ಹಳೆಯ ಪಿಸ್ತೂಲುಗಳ ಪಂದ್ಯ. ಅಲ್ಲಿ ಕುರ್ಚಿಯ ಮೇಲೆ ಕೂತು ಡೋರಥಿಯ ರಿವಾಲ್ವರಿನ ಸದ್ದನ್ನು ಇನ್ನೊಂದು ಸಲ ಕೇಳಬೇಕು. ಅಷ್ಟೇ. ಸಿದ್ಧಾರೂಢ ಮಾತು ಕೊಟ್ಟ.

ಮಾತು ಕೊಟ್ಟ ಮೇಲೆ ತಿಳಿಯಿತು, ಆ ಅಳತೆಯ ಗುಂಡು ಯಾವ ಅಂಗಡಿಯಲ್ಲೂ ಇಲ್ಲ ಎಂದು. ಇದ್ದರೂ ಅಜ್ಜಿಯಂಥ ಆ ಉಕ್ಕಿಗೆ ಇಂದಿನ ಗುಂಡಿನ ಅಬ್ಬರ ತಡೆಯದು. ಆದ್ದರಿಂದ ಖಾಲಿಯಾದ ಹಿತ್ತಾಳೆ ಚಿಪ್ಪುಗಳನ್ನೇ ತೊಳೆದು, ಹೊಸದಾಗಿ ಚಿಟಿಕೆ ಮದ್ದು ತುಂಬಿ, ಮೆತ್ತನೆಯ ಸೀಸದ ಗುಂಡನ್ನು ಕೂರಿಸಬೇಕು. "ಇಲಿ ಸೀನಿದಷ್ಟು ಸಾಕು" ಎಂದಿದ್ದ ಲೆಸ್ಟರ್. ಡೋರಥಿಯ ಕಾಲದ ಚಿಪ್ಪುಗಳು ಅವನ ಬಳಿ ಉಳಿದಿದ್ದದ್ದು ನಲವತ್ತೆರಡು. ಹೊಸವನ್ನು ಆರ್ಡರ್ ಮಾಡಿದರೆ ಬರುವುದು ಮುಂದಿನ ವರ್ಷ.

ಸಿದ್ಧಾರೂಢನಿಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಅವನು ಇಡೀ ದಿನ ಮೀಟಿಂಗುಗಳಲ್ಲಿ ಕೂತು ಏನನ್ನೂ ತಯಾರಿಸದೆ ಮನೆಗೆ ಬರುತ್ತಿದ್ದ. ಗರಾಜಿನಲ್ಲಿ ಮಾತ್ರ, ಚಿನ್ನದಂಗಡಿಯವರೂ ನಾಚುವಂಥ ತಕ್ಕಡಿಯಲ್ಲಿ ಮದ್ದು ತೂಗುವಾಗ, ತಾನು ಲೋಕಕ್ಕೆ ಬೇಕಾದವನು ಅನ್ನಿಸುತ್ತಿತ್ತು. ತೊಂದರೆಯಾದದ್ದು ಚಿಪ್ಪು ತೊಳೆಯುವ ಮಷೀನಿನಿಂದ. ಅದು ತಿರುಗತೊಡಗಿದರೆ ಮನೆಯೊಳಗೆ ಕಾಂಕ್ರೀಟ್ ಲಾರಿ ನಿಂತಂತಿರುತ್ತಿತ್ತು.

"ಸಿದ್ದು, ಅದು ಇರಬೇಕು, ಇಲ್ಲಾ ನಾನು ಇರಬೇಕು," ಎಂದಳು ಶೀತಲ್.

"ಎರಡು ದಿನ ಅಷ್ಟೇ ಕಣೇ."

"ಯಾರು, ನಾನಾ?"

ಮಷೀನು ಬಂದಾಯಿತು. ಆಗ ಸಹಾಯಕ್ಕೆ ಬಂದವಳು ಅವ್ವ ಈರವ್ವ, ಆರು ತಿಂಗಳ ಮಟ್ಟಿಗೆ ಧಾರವಾಡದಿಂದ ಬಂದವಳು. ಪಿಸ್ತೂಲೆಂದರೆ ಅವ್ವ ಹೆದರಿಯಾಳೆಂದು ಸಿದ್ಧಾರೂಢ ಅವಳಿಗೆ ಏನೂ ಹೇಳಿರಲಿಲ್ಲ. ಗರಾಜಿನಲ್ಲಿರುವುದು ಆಫೀಸಿನ ಕೆಲಸ ಎಂದಿದ್ದ. (ಒಂದರ್ಥದಲ್ಲಿ ಅಲ್ಲಿ ಮಾತ್ರವೇ ಅವನು ಕೆಲಸ ಮಾಡುತ್ತಿದ್ದದ್ದು.) ಬುಧವಾರ ಸಂಜೆ ಅವನು ಕಪ್ಪುಗಟ್ಟಿದ ಚಿಪ್ಪುಗಳನ್ನು ಅಡಿಗೆಮನೆಯ ಸಿಂಕಿನಲ್ಲಿ ಕದ್ದು ತೊಳೆಯುತ್ತಿದ್ದಾಗ ಈರವ್ವ ಹಿಂದಿನಿಂದ ಬಂದು ನಿಂತಳು.

"ಸರಿ ಅತ್ತಾಗ. ಹಿತ್ತಾಳಿಗೆ ಸಾಬಾಣ ಹಚ್ಚತಾರೇನು?"

ಹುಣಸೆಹಣ್ಣು ಬಂತು, ಚಿಟಿಕೆ ಉಪ್ಪು ಬಂತು. ಮಷೀನಿಗೆ ಎರಡು ದಿನ ಹಿಡಿಯುವ ಕೆಲಸವನ್ನು ಅವ್ವನ ಹೆಬ್ಬೆರಳು ಅರ್ಧ ತಾಸಿನಲ್ಲಿ ಮುಗಿಸಿತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ನಲವತ್ತೆರಡು ಪುಟ್ಟ ಕುಪ್ಪಿಗಳು ಕಿಟಕಿಯ ಬಳಿ ಬಟ್ಟೆಯ ಮೇಲೆ ಸಾಲಾಗಿ ಕುಳಿತವು, ಬೆಳಕನ್ನೆಲ್ಲ ತಾವೇ ತಂದಂತೆ.

"ಯಾರಿಗೋ ಇವು?" ಎಂದಳು ಈರವ್ವ.

ಸಿದ್ಧಾರೂಢ ನಕ್ಕ. ಅವನ ಜನ್ಮದಲ್ಲಿ ಅದಕ್ಕಿಂತ ತುಟ್ಟಿಯ ನಗೆ ಇನ್ನೊಂದಿಲ್ಲ.

ಮರುದಿನ ಗುರುವಾರ ಮನೆಯಲ್ಲಿ ನವರಾತ್ರಿಯ ಅರಿಷಿಣ ಕುಂಕುಮ. ಅವನು ಆಫೀಸಿನಿಂದ ಬರುವಷ್ಟರಲ್ಲಿ ಬಾಗಿಲ ಮುಂದಿನ ಚಪ್ಪಲಿಗಳು ಕರಗುತ್ತ ಬಂದಿದ್ದವು. ಒಳಗೆ ಮಿಲ್ಪಿಟಾಸಿನ ಸ್ನೇಹಲತಾ ತಾಂಬೂಲದ ಚೀಲ ಹಿಡಿದು ಹೊರಟಿದ್ದಳು. ಉಡುಪಿಯ ಕಡೆಯವಳು, ಶೀತಲಳ ಗೆಳತಿ.

"ನಿಮ್ಮ ಅಮ್ಮನ ಐಡಿಯಾ ಎಂಥ ಚಂದ ಮಾರಾಯ್ರೆ," ಎಂದು ಅಂಗೈ ಬಿಡಿಸಿದಳು.

ಅಂಗೈಯಲ್ಲಿ ಅವನ ಚಿಪ್ಪು. ಒಳಗೆ ತುಂಬಿದ ಕುಂಕುಮ. ಬಾಯಿಗೆ ಒಂದು ಹಸಿರು ಏಲಕ್ಕಿ, ಅಳತೆ ತೆಗೆದು ಮಾಡಿಸಿದ ಬಿರಡೆಯ ಹಾಗೆ.

ಸಿದ್ಧಾರೂಢ ಕಿಟಕಿಯತ್ತ ನೋಡಿದ. ಬಟ್ಟೆ ಮಡಿಸಿಟ್ಟಿತ್ತು.

"ಈ ದೇಶದಾಗ ಪ್ಲಾಸ್ಟಿಕ್ ಚೀಲದಾಗ ಕುಂಕುಮ ಕೊಡೂದು ಹೆಂಗಂತ ವಾರದಿಂದ ಒದ್ದಾಡತಿದ್ದೆ," ಈರವ್ವ ಉಳಿದ ಹೆಂಗಸರಿಗೆ ಹೇಳುತ್ತಿದ್ದಳು. "ನನ್ನ ಮಗ ಬಾಯಿ ಬಿಟ್ಟು ಒಂದು ಮಾತಾಡಲಿಲ್ಲ. ಸುಮ್ನ ತಂದಿಟ್ಟ. ಯಾರಿಗೋ ಅಂದ್ರ ನಕ್ಕ ನೋಡ್ರಿ." ಅವಳ ದನಿ ಅಲ್ಲಿಗೆ ಒದ್ದೆಯಾಯಿತು. "ತಳಕ್ಕೊಂದು ತೂತಿತ್ತು, ಚಪಾತಿ ಹಿಟ್ಟು ಮೆತ್ತೀನಿ."

ಆ ತೂತುಗಳಲ್ಲಿದ್ದ, ಮದ್ದಿಗೆ ಕಿಡಿ ತಾಗಿಸುವ ಹಳೆಯ ಪುಟ್ಟ ಬಟ್ಟಲುಗಳನ್ನು ಒಂದೊಂದಾಗಿ ಕಿತ್ತು ತೆಗೆಯಲು ಅವನಿಗೆ ಎರಡು ಸಂಜೆ ಹಿಡಿದಿತ್ತು. ಹೆಂಗಸರೆಲ್ಲ ಅವನನ್ನು ನೋಡಿದರು; ಹಾಗೆ ನೋಡಿಸಿಕೊಳ್ಳುವ ಭಾಗ್ಯ ಅವನಿಗೆ ಮದುವೆಯ ದಿನವೂ ಇರಲಿಲ್ಲ. ಅವನು ಇನ್ನೊಮ್ಮೆ ನಕ್ಕ.

"ಅತ್ತೆಗೆ ಹೇಳಿಬಿಡಿ," ಎಂದಳು ಶೀತಲ್, ಎಲ್ಲರೂ ಹೋದ ಮೇಲೆ.

"ಹೆಂಗ ಹೇಳಲಿ? ಆಕಿ ಮುಖ ನೋಡಿದೆಯಲ್ಲ."

"ಹಾಗಾದ್ರೆ ಲೆಸ್ಟರ್‌ಗೆ ಹೇಳಿ."

ಬೇಲಿಯಾಚೆ ಲೆಸ್ಟರ್ ಶನಿವಾರಕ್ಕೆಂದು ತೊಳೆದ ಟೋಪಿಯನ್ನು ಗುಲಾಬಿ ಗಿಡದ ಮೇಲೆ ಒಣಹಾಕಿದ್ದ. ಅವನಿಗೂ ಹೇಳುವುದಾಗಲಿಲ್ಲ.

ಶುಕ್ರವಾರ ರಜೆ ಹಾಕಿ ಸಿದ್ಧಾರೂಢ ದಂಡಯಾತ್ರೆಗೆ ಹೊರಟ. ಮೊದಲ ಮಜಲು ಮಿಲ್ಪಿಟಾಸ್. ಸ್ನೇಹಲತಾ ಬಾಳೆಹಣ್ಣಿನ ಬನ್ಸ್ ಕೊಟ್ಟಳು, ಚಹಾ ಕೊಟ್ಟಳು. ಚಿಪ್ಪನ್ನು ಮಾತ್ರ ದೇವರ ಮುಂದಿಟ್ಟಿದ್ದಳು.

"ಅದು ವಾಪಸ್ ಬೇಕಿತ್ತು."

"ದೇವರ ಹತ್ತಿರ ಇಟ್ಟದ್ದನ್ನು ಯಾರಾದರೂ ಕೇಳ್ತಾರಾ ಮಾರಾಯ್ರೆ?"

ಮೂರನೆಯ ಬನ್ಸ್ ಗಂಟಲಲ್ಲಿದ್ದಾಗ ಅವನಿಗೆ ಹೊಳೆಯಿತು. "ರಿಕಾಲ್ ಆಗಿದೆ," ಎಂದ. "ಕಂಪನಿಯೋರು ವಾಪಸ್ ಕೇಳ್ತಿದ್ದಾರೆ."

"ಹೌದಾ? ಸೀಸ ಉಂಟಾ ಅದರಲ್ಲಿ?"

ಅವನು ತಲೆಯನ್ನು ಹೌದೆಂದೂ ಅಲ್ಲವೆಂದೂ ಆಗುವಂತೆ ಆಡಿಸಿದ. ಈ ಊರಿನಲ್ಲಿ ಕಾರು, ಪಾಲಕ್ ಸೊಪ್ಪು, ಮಕ್ಕಳ ತೊಟ್ಟಿಲು ಎಲ್ಲವೂ ಒಂದಲ್ಲ ಒಂದು ದಿನ ರಿಕಾಲ್ ಆಗುವಂಥವೇ. ಅವಳು ಚಿಪ್ಪನ್ನು ತಂದು ಎರಡು ಬೆರಳಲ್ಲಿ ಹಿಡಿದು ಕೊಟ್ಟಳು. ಎರಡನೆಯ ಮನೆಗೆ ಹೋಗುವಷ್ಟರಲ್ಲಿ ಸತ್ಯವತಿ ಬಾಗಿಲಲ್ಲೇ ಹೇಳಿದಳು, "ಗ್ರೂಪಲ್ಲಿ ಬಂತು ಬಿಡಿ. ಎಲ್ಲರೂ ನಿಮ್ಮನೆಗೇ ತಂದುಕೊಡ್ತಾರಂತೆ. ನೀವು ಸುಮ್ನೆ ಓಡಾಡಬೇಡಿ."

ಫ್ರೀವೇಯ ಟ್ರಾಫಿಕ್ಕಿನಲ್ಲಿ ಇರುವೆಯಂತೆ ತೆವಳುತ್ತ ಸಿದ್ಧಾರೂಢ ತನ್ನ ಬುದ್ಧಿಗೆ ತಾನೇ ತಲೆದೂಗಿದ. ಎಲ್ಲರೂ ತಂದುಕೊಡುವುದು ಯಾರ ಕೈಗೆ ಎಂಬುದು ತನ್ನ ಮನೆ ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ ಕಂಡಾಗಲಷ್ಟೇ ಹೊಳೆಯಿತು.

ನಡುಮನೆಯಲ್ಲಿ ಈರವ್ವ ನೆಲದ ಮೇಲೆ ಕೂತಿದ್ದಳು. ಅವಳ ಮುಂದೆ ಸ್ಟೀಲಿನ ಪರಾತ. ಅದರಲ್ಲಿ ಏಲಕ್ಕಿ ಮುಚ್ಚಿದ ಚಿಪ್ಪುಗಳು. ಕೊಟ್ಟ ಕುಂಕುಮ ತಿರುಗಿ ಬರುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಸುತ್ತ ಹೆಂಗಸರು ನಿಂತಿದ್ದರು.

"ಇದರಾಗ ವಿಷ ಐತಂತಲ್ಲೋ," ಎಂದಳು, ತಲೆಯೆತ್ತದೆ. "ನಾ ಊರ ಮಂದಿಗೆಲ್ಲ ಹಂಚೇನಿ."

ಸಿದ್ಧಾರೂಢ ಅವಳ ಮುಂದೆ ಕೂತ. ಹೇಳತೊಡಗಿದ. ಡೋರಥಿ, ಲೆಸ್ಟರ್, ರಿವಾಲ್ವರ್, ಶನಿವಾರ, ಇಲಿಯ ಸೀನು. ಹಿಂದೆ ಯಾರೋ "ಪಿಸ್ತೂಲಾ?" ಎಂದು ಪಿಸುಗುಟ್ಟಿದರು. ಶೀತಲ್ ಛಾವಣಿ ನೋಡಿದಳು.

"ಕಾಡತೂಸು ಅಂತ ನನಗ ಗೊತ್ತಿಲ್ಲೇನು?" ಎಂದಳು ಈರವ್ವ. "ಗರಾಜಿನ್ಯಾಗ ಮದ್ದಿನ ವಾಸನಿ ಬಡೀತದ. ನಮ್ಮಪ್ಪ ಹವಾಲ್ದಾರ ಇದ್ದ. ಅಂವ ತಂದುಕೊಟ್ಟ ಒಂದು ಕಾಡತೂಸಿನ್ಯಾಗ ನಮ್ಮವ್ವ ಸಾಯೂತನ ಕುಂಕುಮ ಇಟಗೊಂಡ್ಲು, ಏಲಕ್ಕಿ ಮುಚ್ಚಿ. ನಿನಗ ಸಣ್ಣಾಂವಿದ್ದಾಗ ಎಷ್ಟು ಸರ್ತಿ ಹೇಳೇನಿ. ಅದನ್ನ ನೆನಪಿಟ್ಟು ತಂದಿ ಅಂತ ತಿಳಕೊಂಡೆ."

ಸಿದ್ಧಾರೂಢನಿಗೆ ನೆನಪಿರಲಿಲ್ಲ. ಮದ್ದನ್ನು ಸಾಸಿವೆ ಕಾಳಿನಷ್ಟೂ ಹೆಚ್ಚುಕಡಿಮೆಯಾಗದಂತೆ ತೂಗುವವನಿಗೆ, ಅವ್ವ ನೂರು ಸಲ ಹೇಳಿದ ಕತೆ ಒಂದು ಸಲವೂ ನೆನಪಾಗಿರಲಿಲ್ಲ. ಅವನು ಪರಾತದಲ್ಲಿ ಕಣ್ಣು ನೆಟ್ಟ.

"ಒಮ್ಮೆ ಹಾರಿದ ಮ್ಯಾಲ ಇವು ಮತ್ತ ಕೆಲಸಕ್ಕ ಬರತಾವಂತ ಯಾರಿಗೆ ಗೊತ್ತೋ," ಎಂದು ಈರವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಆ ಮುದುಕ ಸೋಮವಾರ ಹೋಗತಾನೇನು? ಮೊದಲ ಹೇಳಬಾರದೇನು, ಮಬ್ಬ. ಏಳ್ರವ್ವಾ, ಹಿಟ್ಟು ತಗೀರಿ."

"ವಿಷ ಇಲ್ಲ ತಾನೆ?" ಎಂದು ಉಳಿದವರ ಜೊತೆ ತಾನೂ ಬಂದಿದ್ದ ಸ್ನೇಹಲತಾ ಖಚಿತಪಡಿಸಿಕೊಂಡಳು. "ಮೊದಲೇ ಗುಂಡು ಅಂತ ಹೇಳಿದ್ದರೆ ನಾನು ಎರಡು ಕೇಳ್ತಿದ್ದೆ ಮಾರಾಯ್ರೆ."

ಒಬ್ಬಳು ಕುಂಕುಮ ಬಟ್ಟಲಿಗೆ ಸುರಿದಳು, ಇನ್ನೊಬ್ಬಳು ಹೇರ್‌ಪಿನ್ನಿನಿಂದ ಚಪಾತಿ ಹಿಟ್ಟು ಕಿತ್ತಳು, ಶೀತಲ್ ತನ್ನ ಹೇರ್‌ಡ್ರೈಯರ್ ತಂದು ತೊಳೆದ ಚಿಪ್ಪುಗಳನ್ನು ಒಣಗಿಸಿದಳು. ಕಾಂಕ್ರೀಟ್ ಲಾರಿಯಷ್ಟೇ ಸದ್ದಾಯಿತು. ಈ ಸಲ ಅವಳು ಆಕ್ಷೇಪಿಸಲಿಲ್ಲ. ನಲವತ್ತೊಂದು ಚಿಪ್ಪು ಸಿಕ್ಕವು. ಒಂದನ್ನು ಈರವ್ವ ಕುಂಕುಮದ ಸಮೇತ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಯಾಕೆಂದು ಹೇಳಲಿಲ್ಲ. ಸಿದ್ಧಾರೂಢ ಗರಾಜಿನ ಬಾಗಿಲು ಹಾಕಿಕೊಂಡು, ಪ್ರತಿಯೊಂದಕ್ಕೂ ಟಾರ್ಚು ಹಾಕಿ ನೋಡಿ, ತೂಗಿ, ತುಂಬಿ, ಒತ್ತಿ, ಮೂವತ್ತು ಗುಂಡು ಸಿದ್ಧಪಡಿಸಿದ.

ಶನಿವಾರ ಲೆಸ್ಟರ್ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತ, ಮಡಿಲಲ್ಲಿ ಕೈಕಟ್ಟಿ. ಪಕ್ಕದಲ್ಲಿ ಈರವ್ವ, ಸೆರಗಿನ ಮೇಲೆ ಕಿವಿಮುಚ್ಚುಗ ಏರಿಸಿಕೊಂಡು. ಸಿದ್ಧಾರೂಢ ಉಸಿರು ಹಿಡಿದು ರಿವಾಲ್ವರಿನ ಕುದುರೆ ಒತ್ತಿದ. ಪಟ್. ಇಲಿ ಸೀನಿತು. ಲೆಸ್ಟರ್ ಕಣ್ಣು ಮುಚ್ಚಿದ. ಮೂವತ್ತು ಸಲವೂ ತೆರೆಯಲಿಲ್ಲ. ಹೊಗೆಯಲ್ಲಿ ಎಲ್ಲೋ ಏಲಕ್ಕಿಯ ವಾಸನೆ ಸುಳಿದಾಡಿ, ಪಕ್ಕದ ಸಾಲಿನವನು ಮೂಗರಳಿಸಿ "ಯಾರೋ ಚಾಯ್ ಮಾಡ್ತಿದ್ದಾರೆ" ಎಂದ.

ಗುರಿಹಲಗೆಯ ಕಾಗದವನ್ನು ತಂದು ನೋಡಿದರೆ, ಕಾರ್ಖಾನೆಯಿಂದ ಬಂದಷ್ಟೇ ಹೊಸದಾಗಿತ್ತು. ಒಂದು ತೂತೂ ಇಲ್ಲ. ಸಿದ್ಧಾರೂಢ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಂದು ನಿಂತ.

"ಎಷ್ಟು ತಾಗಿತು?" ಎಂದ ಲೆಸ್ಟರ್.

"ಒಂದೂ ಇಲ್ಲ."

ಲೆಸ್ಟರನ ಮುಖ ಅರಳಿತು. "ಡೋರಥಿಯೇ ಹೊಡೆದ ಹಾಗಿತ್ತು," ಎಂದು ಕಣ್ಣೊರೆಸಿಕೊಂಡ. "ನಲವತ್ತು ವರ್ಷದಲ್ಲಿ ಅವಳಿಗೂ ಒಂದೂ ತಾಗಲಿಲ್ಲ."

ಈರವ್ವನಿಗೆ ಇಂಗ್ಲಿಷು ಬೇಕಾಗಲಿಲ್ಲ. ಸೊಂಟದಿಂದ ಚಿಪ್ಪು ತೆಗೆದು ಲೆಸ್ಟರನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಅವನು ಅದನ್ನು ಮೂಸಿ ನೋಡಿ ಅಂಗಿಯ ಜೇಬಿಗೆ ಇಳಿಸಿದ, ಜೇಬಿನ ಗುಂಡಿ ಹಾಕಿದ.

ಸಿದ್ಧಾರೂಢ ತನ್ನ ಮೂವತ್ತು ಚಿಪ್ಪುಗಳಿಗಾಗಿ ಮೇಜಿನತ್ತ ತಿರುಗಿದ. ಮೇಜು ಖಾಲಿ. ಅವ್ವ ಆಗಲೇ ಕಾರಿನತ್ತ ಹೊರಟಿದ್ದಳು. ಸೆರಗಿನ ಗಂಟು ಕಿಣಿಕಿಣಿ ಎನ್ನುತ್ತಿತ್ತು.

"ಯವ್ವಾ, ಅವು ಬೇಕು. ಮುಂದಿನ ತಿಂಗಳು ಮತ್ತೊಂದು ಪಂದ್ಯ ಐತಿ."

ಈರವ್ವ ತಿರುಗಿ ಅವನನ್ನೂ, ಅವನ ಕೈಯಲ್ಲಿದ್ದ ತೂತಿಲ್ಲದ ಕಾಗದವನ್ನೂ ಸಾವಕಾಶವಾಗಿ ನೋಡಿದಳು.

"ಎದಕ್ಕ?" ಎಂದಳು.